ನನಗೆ ಬಾರದ ಕಾಮಾಲೆ

ಇನ್ನೊಬ್ಬರ ಮನೆ, ಇನ್ನೊಬ್ಬರ ಕಾರು, ಇನ್ನೊಬ್ಬರ ಮಕ್ಕಳ ಮಾರ್ಕ್ಸು ನೋಡಿ ಹೊಟ್ಟೆ ಉರಿದುಕೊಳ್ಳುವವರನ್ನು ನೀವು ನೋಡಿರುತ್ತೀರಿ. ನಾನು ಇನ್ನೊಬ್ಬನ ಕಾಮಾಲೆ ನೋಡಿ ಹೊಟ್ಟೆ ಉರಿದುಕೊಂಡವನು. ಅವನ ಕಣ್ಣು ಅರಿಶಿನದ ಹಾಗೆ ಹಳದಿಯಾಗಿತ್ತು. ಎರಡು ಹೆಜ್ಜೆ ಇಟ್ಟರೆ ಗೋಡೆ ಹಿಡಿಯುತ್ತಿದ್ದ, ಒಗ್ಗರಣೆ ವಾಸನೆ ಬಂದರೆ ವಾಂತಿ ಮಾಡಿಕೊಳ್ಳುತ್ತಿದ್ದ. ನಾನು ಅವನ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು, ‘ದೇವರೇ, ಇವನಿಗೆ ಕೊಟ್ಟದ್ದನ್ನು ನನಗೆ ಕೊಡಬಾರದಿತ್ತೇ’ ಅಂದುಕೊಂಡೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ನಾನು ನಕ್ಕು ಎಷ್ಟೋ ತಿಂಗಳಾಗಿತ್ತು.

ನಾನು ಔಷಧಿ ಕಂಪನಿಯೊಂದರಲ್ಲಿ ಮೆಡಿಕಲ್ ರೆಪ್ ಆಗಿದ್ದೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಸೇರಿ ಐದು ವರ್ಷ ಔಷಧಿ ಸ್ಯಾಂಪಲ್ಲುಗಳ ಚೀಲ ಹೊತ್ತೆ. ಹೊಳೆನರಸೀಪುರದ ನಮ್ಮ ಮನೆಯಲ್ಲಿ ಇದ್ದದ್ದು ನಾನು, ಅಮ್ಮ, ಮತ್ತು ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದ ಹೆಂಡತಿ ಗಿರಿಜಾ. ಸೋಮವಾರ ಹಾಸನ, ಮಂಗಳವಾರ ನಮ್ಮೂರು, ಬುಧವಾರ ಅರಕಲಗೂಡು, ಗುರುವಾರ ಚನ್ನರಾಯಪಟ್ಟಣ, ಶುಕ್ರವಾರ ಮತ್ತೆ ಹಾಸನ. ಆ ನಾಲ್ಕೂ ಊರಿನ ಡಾಕ್ಟರುಗಳ ಶಾಪುಗಳ, ಅಂದರೆ ಕ್ಲಿನಿಕ್ಕುಗಳ, ಮುಂದಿನ ಬೆಂಚುಗಳನ್ನು ನಾನು ಬಲ್ಲಷ್ಟು ಅಲ್ಲಿಯ ರೋಗಿಗಳೂ ಬಲ್ಲವರಲ್ಲ. ಆದರೆ ಬೆಂಚಿನ ಮೇಲೆ ಕೂರುವ ಹಾಗಿಲ್ಲ. ಬೆಂಚು ಪೇಷಂಟುಗಳದ್ದು. ಬಾಗಿಲ ಪಕ್ಕದ ಗೋಡೆ ರೆಪ್ಪುಗಳದ್ದು. ಕಾಂಪೌಂಡರು ನಮ್ಮನ್ನು ನೋಡಿದ ಕೂಡಲೇ, “ಪೇಷಂಟ್ ಮುಗೀಲಿ ಸಾ” ಅನ್ನುತ್ತಿದ್ದ. ಪೇಷಂಟುಗಳು ಮುಗಿಯುತ್ತಿರಲಿಲ್ಲ.

ಅರಕಲಗೂಡಿನಲ್ಲಿ ಒಬ್ಬರು ಲೇಡಿ ಡಾಕ್ಟರಿದ್ದರು. ತುಂಬಾ ಒಳ್ಳೆಯವರು, ಊರೆಲ್ಲ ಅವರನ್ನು ಡಾಕ್ಟರಮ್ಮ ಅನ್ನುತ್ತಿತ್ತು. ಅವರ ಕೋಣೆಗೆ ಬಾಗಿಲಿರಲಿಲ್ಲ, ಒಂದು ಪರದೆ ಅಷ್ಟೇ. ಹಾಗಾಗಿ ಒಳಗಿನ ಮಾತೆಲ್ಲ ಗೋಡೆಗೆ ಒರಗಿ ನಿಂತ ನಮಗೆ ಕೇಳಿಸುತ್ತಿತ್ತು. ಒಮ್ಮೆ ಹೊಗೆಸೊಪ್ಪಿನ ಹೊಲದ ಕೆಲಸಕ್ಕೆ ಹೋಗುವ ಮುದುಕಿಯೊಬ್ಬಳು ಕೆಮ್ಮುತ್ತಾ ಒಳಗೆ ಹೋದಳು. ಡಾಕ್ಟರಮ್ಮ ಅವಳನ್ನು, “ಏನಜ್ಜಿ, ರಾತ್ರಿ ನಿದ್ದೆ ಬರುತ್ತಾ?” ಅಂತ ಕೇಳಿದರು. ಅಷ್ಟೇ ಮಾತು. ನನಗೆ ಆ ಮುದುಕಿಯ ಮೇಲೆ ಎಂಥ ಹೊಟ್ಟೆಕಿಚ್ಚು ಬಂತೆಂದರೆ ಕೈಯಲ್ಲಿದ್ದ ಚೀಲವನ್ನು ಕೆಳಗಿಡಬೇಕಾಯಿತು. ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ನನಗೆ ನಿದ್ದೆ ಬಂದು ಎರಡು ತಿಂಗಳಾಗಿತ್ತು.

ಕಂಪನಿಯ ಮಾತು ಹೇಳಬೇಕು. ಕೆಲಸಕ್ಕೆ ಸೇರಿದಾಗ ಮೈಸೂರಿನ ಒಂದು ದೊಡ್ಡ ಹೋಟೆಲಿನಲ್ಲಿ ನಮಗೆ ತರಬೇತಿ ಕೊಟ್ಟರು. ಏರಿಯಾ ಮ್ಯಾನೇಜರು ಎದ್ದು ನಿಂತು, “ಇದು ಕಂಪನಿ ಅಲ್ಲ, ಕುಟುಂಬ. ನಮ್ಮಲ್ಲಿ ಸರ್ ಅನ್ನೋ ಪದವೇ ಇಲ್ಲ. ನನ್ನನ್ನ ಪ್ರಭಾಕರ್ ಅಂತ ಕರೀರಿ ಸಾಕು. ಭಾನುವಾರ ನಿಮ್ಮ ಮನೆಯವರದ್ದು. ನಿಮಗೇನಾದರೂ ಕಷ್ಟ ಬಂದ್ರೆ ಮೊದಲನೇ ಫೋನು ನನಗೆ ಬರಬೇಕು” ಅಂದರು. ನನ್ನ ಕಣ್ಣಲ್ಲಿ ನೀರು ಬಂತು. ಅಪ್ಪ ಹೈಸ್ಕೂಲು ಮೇಷ್ಟ್ರಾಗಿ ಮೂವತ್ತು ವರ್ಷ ಹೆಡ್‌ಮಾಸ್ಟರ ಮುಂದೆ ಕೈ ಕಟ್ಟಿಕೊಂಡು ನಿಂತದ್ದು ನೆನಪಾಗಿ, ನನ್ನ ಕಾಲ ಬೇರೆ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಫೋನು ಬರಲು ಶುರುವಾದದ್ದು ಎರಡನೆಯ ತಿಂಗಳಿಂದ. ವಾರಕ್ಕೆ ಎಷ್ಟು ಡಾಕ್ಟರನ್ನು ನೋಡಿದೆ, ಯಾರು ನಮ್ಮ ಔಷಧಿ ಬರೆದರು, ಯಾರು ಬರೆಯಲಿಲ್ಲ, ಯಾಕೆ ಬರೆಯಲಿಲ್ಲ. ಫೋನು ಇದ್ದದ್ದು ನಡುಮನೆಯಲ್ಲಿ, ದೇವರ ಕೋಣೆಯ ಪಕ್ಕ. ಮೊದಲ ಸಲ ನಾನು “ಹಲೋ ಪ್ರಭಾಕರ್” ಅಂದದ್ದು ಕೇಳಿ ಅಮ್ಮ ಗಾಬರಿಯಾಗಿ ಬಂದಳು.

“ಮೇಲಿನೋರನ್ನ ಹೆಸರು ಹಿಡಿದು ಕರೀತೀಯಲ್ಲೋ! ಅವರೇನು ನಿನ್ನ ಜೊತೆ ಗೋಲಿ ಆಡಿದೋರಾ?”

“ನಮ್ಮ ಕಂಪನೀಲಿ ಹಾಗೇ ಅಮ್ಮ. ಎಲ್ಲರೂ ಸಮ.”

ಒಂದೆರಡು ವರ್ಷ ಆ ಫೋನುಗಳನ್ನು ಕೇಳಿಸಿಕೊಂಡ ಮೇಲೆ ಅಮ್ಮನ ಅಭಿಪ್ರಾಯ ಬದಲಾಯಿತು. “ಆಯ್ತು ಪ್ರಭಾಕರ್, ತಪ್ಪಾಯ್ತು ಪ್ರಭಾಕರ್, ಇನ್ನೊಂದ್ಸಲ ಹೀಗಾಗಲ್ಲ ಪ್ರಭಾಕರ್” ಅಂತ ನಾನು ಗೋಡೆಯ ಕಡೆ ತಿರುಗಿ ಹೇಳುತ್ತಿದ್ದರೆ, ಅವಳು ಹೂ ಕಟ್ಟುತ್ತಾ, “ಇದಕ್ಕಿಂತ ಸಾರ್ ಅಂದಿದ್ರೇ ಮರ್ಯಾದೆ ಇರ್ತಿತ್ತು” ಅಂದಳು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಹಾಗೆ.

ಕಾಮಾಲೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಂಪನಿಯಲ್ಲೇ ಇನ್ನೊಂದು ವಿಭಾಗದ ರೆಪ್ ನಾಗೇಂದ್ರ. ಅವನದು ಹೃದಯ, ಸಕ್ಕರೆ ಕಾಯಿಲೆಯ ಮಾತ್ರೆಗಳು, ನನ್ನದು ಕೆಮ್ಮು, ಜ್ವರ, ಟಾನಿಕ್ಕು. ಊರುಗಳು ಅವೇ. ಹಾಸನದಲ್ಲಿ ಅವನ ಮನೆ. ಬೇಕಾದಷ್ಟು ಸಲ ಒಂದೇ ಬೈಕಿನಲ್ಲಿ ಹೋಗಿ, ಒಂದೇ ಗೋಡೆಗೆ ಒರಗಿ ನಿಂತವರು ನಾವು. ಅವನಿಗೆ ಕಾಮಾಲೆ ಬಂತು. ಪ್ರಭಾಕರ್ ಮೈಸೂರಿನಿಂದ ಬಂದರು. ಕೈಯಲ್ಲಿ ಹಣ್ಣಿನ ಬುಟ್ಟಿ, ಹಾಲಿಗೆ ಹಾಕಿ ಕುಡಿಯುವ ಮಾಲ್ಟಿನ ದೊಡ್ಡ ಡಬ್ಬ, ಕುತ್ತಿಗೆಯಲ್ಲಿ ಕ್ಯಾಮೆರಾ. ನಾಗೇಂದ್ರನ ಕೈ ಹಿಡಿದು ಹಾಸಿಗೆಯ ಮೇಲೆ ಕೂತರು. ಫೋಟೋ ತೆಗೆದವನು ನಾನೇ. ಅದು ಕಂಪನಿಯ ಪತ್ರಿಕೆಯಲ್ಲಿ ‘ನಮ್ಮ ಕುಟುಂಬ’ ಅನ್ನುವ ತಲೆಬರಹದಲ್ಲಿ ಬಂತು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಾ ಪ್ರಭಾಕರ್ ನನ್ನ ಭುಜ ತಟ್ಟಿ, “ಮೂರ್ತಿ, ಕುಟುಂಬದಲ್ಲಿ ಒಬ್ಬರಿಗೆ ಹುಷಾರಿಲ್ದಿದ್ದಾಗ ಇನ್ನೊಬ್ಬರು ಹೆಗಲು ಕೊಡಬೇಕು” ಅಂದರು. ಅವತ್ತಿನಿಂದ ನನಗೆ ಎರಡು ಚೀಲ.

ನಾಗೇಂದ್ರ ಮಲಗಿದ್ದ. ಊರಿನವರೆಲ್ಲ ಬ್ರೆಡ್ಡು, ಮೋಸಂಬಿ ಹಿಡಿದುಕೊಂಡು ಬಂದು ನೋಡಿಹೋಗುತ್ತಿದ್ದರು. ಅವನ ಹೆಂಡತಿ ಮಜ್ಜಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದಳು. ಅವನಿಗೆ ಕಾಯಿಲೆ ಇದೆ ಎನ್ನುವುದಕ್ಕೆ ಸಾಕ್ಷಿ ಅವನ ಕಣ್ಣಿನಲ್ಲೇ ಇತ್ತು, ಯಾರು ಬೇಕಾದರೂ ರೆಪ್ಪೆ ಎತ್ತಿ ನೋಡಬಹುದಿತ್ತು. ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ ಅಂತ ಗಾದೆ. ಕಾಮಾಲೆ ಇಲ್ಲದ ನನಗೂ ಹಗಲೂ ರಾತ್ರಿ ಅದೇ ಹಳದಿ ಕಾಣುತ್ತಿತ್ತು.

ನನಗಾಗುತ್ತಿದ್ದದ್ದನ್ನು ತೋರಿಸಲು ಏನೂ ಇರಲಿಲ್ಲ. ಬೆಳಿಗ್ಗೆ ಬೂಟಿನ ಲೇಸು ಕಟ್ಟಲು ಬಗ್ಗಿದರೆ ಹತ್ತು ನಿಮಿಷ ಹಾಗೇ ಬಗ್ಗಿರುತ್ತಿದ್ದೆ. ಚನ್ನರಾಯಪಟ್ಟಣದಲ್ಲಿ ಒಂದು ನರ್ಸಿಂಗ್ ಹೋಮಿನ ಮುಂದೆ ಬೈಕು ನಿಲ್ಲಿಸಿ, ಇಳಿಯಲಾಗದೆ, ಹೆಲ್ಮೆಟ್ಟು ಹಾಕಿಕೊಂಡೇ ಅರ್ಧ ದಿನ ಕೂತಿದ್ದೆ. ಹೇಮಾವತಿ ಸೇತುವೆ ದಾಟುವಾಗ ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಐದು ವರ್ಷದಿಂದ ಮಾರುತ್ತಿದ್ದ ಕೆಮ್ಮಿನ ಸಿರಪ್ಪಿನ ಹೆಸರು ಡಾಕ್ಟರ ಎದುರಿಗೆ ಮರೆತುಹೋಯಿತು. ಮನೆಯಲ್ಲಿ ಗಿರಿಜಾ ತಲೆ ಇಟ್ಟ ಕೂಡಲೇ ನಿದ್ದೆ ಹೋಗುತ್ತಿದ್ದಳು. ನಾನು ಎದ್ದು ಕೂತು ಅವಳ ನಿದ್ದೆಯನ್ನೇ ನೋಡುತ್ತಿದ್ದೆ. ಅವಳ ಮೇಲೂ ಹೊಟ್ಟೆಕಿಚ್ಚು. ಅವಳ ಶಾಲೆಯ ಬೇಸಿಗೆ ರಜೆಯ ಮೇಲೆ ಹೊಟ್ಟೆಕಿಚ್ಚು. ಬಸ್‌ಸ್ಟ್ಯಾಂಡಿನಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದ ಆಟೋದವನ ಮೇಲೆ ಹೊಟ್ಟೆಕಿಚ್ಚು. ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಯಾರಾದರೂ ಒಬ್ಬರು ನನ್ನ ಮುಖ ನೋಡಿ, ‘ನಿನಗೆ ಕಾಯಿಲೆ, ಮಲಗು’ ಅನ್ನಬೇಕಿತ್ತು.

ಒಂದು ಬುಧವಾರ ಗಟ್ಟಿ ಮನಸ್ಸು ಮಾಡಿ ಅರಕಲಗೂಡಿನ ಡಾಕ್ಟರಮ್ಮನ ಶಾಪಿನಲ್ಲಿ ಚೀಟಿ ಬರೆಸಿ ಬೆಂಚಿನ ಮೇಲೆ ಕೂತೆ. ಕಾಂಪೌಂಡರು ನನ್ನನ್ನು ವಿಚಿತ್ರವಾಗಿ ನೋಡಿದ. ನನ್ನ ಸರದಿ ಬಂತು. ಪರದೆ ಸರಿಸಿದೆ. ಆದರೆ ಹಾಳು ಚೀಲ ಕೈಯಲ್ಲೇ ಇತ್ತು, ಅದನ್ನು ಬಿಟ್ಟು ಹೋಗುವ ಅಭ್ಯಾಸವೇ ಇರಲಿಲ್ಲ.

“ಬನ್ನಿ ಮೂರ್ತಿ, ಏನು ಹೊಸ ಔಷಧಿ?” ಅಂದರು ಡಾಕ್ಟರಮ್ಮ.

‘ಔಷಧಿ ಅಲ್ಲ ಡಾಕ್ಟ್ರೇ, ನಾನು’ ಅನ್ನಬೇಕಿತ್ತು. ಬಾಯಿ ತೆರೆದೆ. ಕೈ ತಾನಾಗಿ ಬಣ್ಣದ ಫೋಲ್ಡರನ್ನು ಬಿಚ್ಚಿತು. ನಮ್ಮ ಕಂಪನಿಯ ಬಿ-ಕಾಂಪ್ಲೆಕ್ಸ್ ಮಾತ್ರೆಯ ಪುಟ. “ಸುಸ್ತು, ನಿಶ್ಶಕ್ತಿ, ಕೆಲಸದ ಒತ್ತಡ, ನಿದ್ದೆ ಬಾರದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು” ಅಂತ ಒಂದೊಂದಾಗಿ ಬೆರಳಿಟ್ಟು ತೋರಿಸುತ್ತಾ ಹೋದೆ. ನನ್ನ ಕಾಯಿಲೆಯನ್ನೆಲ್ಲ ಕಂಪನಿಯ ಮಾತಿನಲ್ಲಿ ಹೇಳಿ ಮುಗಿಸಿದೆ. ಅವರು ಗಮನಿಸಲಿಲ್ಲ. ಹೊರಗೆ ನಲವತ್ತು ಜನ ಕಾಯುತ್ತಿದ್ದರು.

“ಸರಿ, ಬರೀತೀನಿ. ಎರಡು ಸ್ಯಾಂಪಲ್ ಇಟ್ಟು ಹೋಗಿ” ಅಂದರು. ಇಟ್ಟು ಬಂದೆ.

ನಾಲ್ಕು ಊರಿನಲ್ಲಿ ನನಗೆ ಗೊತ್ತಿಲ್ಲದ ಡಾಕ್ಟರೇ ಇರಲಿಲ್ಲ. ಅಂದ ಮೇಲೆ ತೋರಿಸಿಕೊಳ್ಳಲು ಡಾಕ್ಟರೇ ಇಲ್ಲದ ಹಾಗಾಯಿತು. ಆಗ ನಾನು ರೆಪ್ಪುಗಳು ಮಾತ್ರ ಮಾಡುವ ಒಂದು ಕೆಲಸ ಮಾಡಿದೆ. ಚೀಲದಲ್ಲಿದ್ದ ಸ್ಯಾಂಪಲ್ ಮಾತ್ರೆಗಳನ್ನು ನಾನೇ ನುಂಗಲು ಶುರು ಮಾಡಿದೆ, ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು, ಸಂಜೆ ಎರಡು. ಐದು ವರ್ಷ ಅದರ ಗುಣಗಾನ ಮಾಡಿ ಮಾಡಿ ನನಗೇ ಅದರ ಮೇಲೆ ನಂಬಿಕೆ ಬಂದುಬಿಟ್ಟಿತ್ತು. ಸುಸ್ತೇನೂ ಹೋಗಲಿಲ್ಲ. ಆದರೆ ಮೂತ್ರ ಢಾಳಾದ ಹಳದಿಯಾಯಿತು.

ಬಿ-ಕಾಂಪ್ಲೆಕ್ಸ್ ತಿಂದರೆ ಹಾಗಾಗುತ್ತದೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಹೆದರಬೇಡಿ ಅಂತ ಎಷ್ಟು ಜನ ಅಂಗಡಿಯವರಿಗೆ ನಾನೇ ಹೇಳಿಕೊಟ್ಟಿದ್ದೆ. ಆದರೂ ಅವತ್ತು ಬಚ್ಚಲಿನಿಂದ ಬಂದು ಗಿರಿಜಾಗೆ, “ಯಾಕೋ ಅರಿಶಿನದ ನೀರಿನ ಹಾಗೆ ಹೋಗ್ತಿದೆ” ಅಂದೆ. ಮಾತ್ರೆಯ ವಿಷಯ ಹೇಳಲಿಲ್ಲ.

ಅವಳು ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. ಅಮ್ಮ ಅಡುಗೆಮನೆಯಿಂದಲೇ, “ಕಾಮಾಲೆ! ಮುಖ ನೋಡಿದಾಗಲೇ ಅಂದುಕೊಂಡೆ, ಬಿಳಿಚಿಕೊಂಡಿದಾನೆ” ಅಂದಳು. ಇಬ್ಬರೂ ಬಂದು ನನ್ನ ಹಣೆ ಮುಟ್ಟಿದರು, ರೆಪ್ಪೆ ಎತ್ತಿ ನೋಡಿದರು. ಅಮ್ಮ ನನ್ನ ಕೈಯಿಂದ ಚೀಲ ಕಿತ್ತುಕೊಂಡು ಮೂಲೆಗಿಟ್ಟು ಚಾಪೆ ಹಾಸಿದಳು. ನಾನು ಮಲಗಿದೆ. ಎಷ್ಟೋ ತಿಂಗಳ ಮೇಲೆ ಸಂತೋಷವಾಯಿತು, ಸುಳ್ಳು ಹೇಳಿದ್ದಕ್ಕೆ ನಾಚಿಕೆ ಆಗಲೇ ಇಲ್ಲ.

ಕಾಮಾಲೆಗೆ ಇಂಗ್ಲಿಷ್ ಔಷಧಿ ಇಲ್ಲ, ನಾಟಿ ಔಷಧಿಯೇ ಆಗಬೇಕು ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಶಾಸ್ತ್ರ. ಚನ್ನರಾಯಪಟ್ಟಣ ತಾಲ್ಲೂಕು ದಂಡಿಗನಹಳ್ಳಿ ಹೋಬಳಿಯ ಒಂದು ಹಳ್ಳಿಯಲ್ಲಿ ಕೆಂಪಮ್ಮ ಅಂತ ಒಬ್ಬ ಹೆಂಗಸು ಭಾನುವಾರ, ಗುರುವಾರ ಬೆಳಿಗ್ಗೆ ಔಷಧಿ ಕೊಡುತ್ತಾಳೆ, ಖಾಲಿ ಹೊಟ್ಟೆಯಲ್ಲಿ ಹೋಗಬೇಕು ಅಂತ ಅಮ್ಮ ವಿಚಾರಿಸಿಕೊಂಡು ಬಂದಳು. ಭಾನುವಾರ ಮೊದಲ ಬಸ್ಸಿಗೆ ಗಿರಿಜಾ ನನ್ನನ್ನು ಕರೆದುಕೊಂಡು ಹೊರಟಳು. ನಾವು ಮನೆ ಬಿಟ್ಟಾಗ ಪ್ರಭಾಕರ್ ಫೋನು ಮಾಡುವ ಹೊತ್ತು ಇನ್ನೂ ಆಗಿರಲಿಲ್ಲ.

ಕೆಂಪಮ್ಮನ ಮನೆಯ ಜಗಲಿಯ ಮೇಲೆ ಹದಿನೈದು ಇಪ್ಪತ್ತು ಜನ ಕೂತಿದ್ದರು. ರೆಪ್ಪುಗಳ ಗೋಡೆ ಇಲ್ಲದ ಒಂದು ದವಾಖಾನೆಯನ್ನು ನಾನು ಜೀವಮಾನದಲ್ಲಿ ಮೊದಲ ಸಲ ನೋಡಿದ್ದು ಅಲ್ಲೇ. ನಾನೂ ಎಲ್ಲರ ಜೊತೆ ಕೂತೆ. ಪಕ್ಕದಲ್ಲಿ ಒಬ್ಬ ರೈತ, ಅವನ ಕಣ್ಣು ನಾಗೇಂದ್ರನ ಕಣ್ಣಿಗಿಂತ ಹಳದಿ. “ಎಷ್ಟು ದಿನ ಆಯ್ತು?” ಅಂತ ಕೇಳಿದೆ. “ಎಂಟ್ ದಿನ ಆಯ್ತು ಕಣಣ್ಣ. ನಿಮ್ಗೆ ಅಂಗೇನ್ ಕಾಣಕಿಲ್ವಲ್ಲ” ಅಂದ. ಪರೀಕ್ಷೆಗೆ ಓದದೆ ಬಂದ ಹುಡುಗನ ಸ್ಥಿತಿ ನನ್ನದು.

ಕೆಂಪಮ್ಮ ಅರವತ್ತು ದಾಟಿದ ಗಟ್ಟಿ ಹೆಂಗಸು. ಒಬ್ಬೊಬ್ಬರನ್ನೇ ಅಂಗಳದ ಬೆಳಕಿಗೆ ಕರೆದು ನೋಡುತ್ತಿದ್ದಳು. ನನ್ನ ಸರದಿ ಬಂದಾಗ, “ಬನ್ನಿ ಸಾಮಿ, ಕಣ್ ಬುಡಿ. ನಾಲಗೆ ತೋರ್ಸಿ” ಅಂದಳು. ಉಗುರನ್ನು ಒತ್ತಿ ಬಿಟ್ಟು ನೋಡಿದಳು. “ಅಲ್ ಕುಂತ್ಕಳಿ. ಎಲ್ರೂ ಓಗ್ಲಿ” ಅಂದಳು. ಎಲ್ಲರೂ ಔಷಧಿ ಕುಡಿದು ಹೋದರು. ಒಬ್ಬೊಬ್ಬರು ಎದ್ದು ಹೋದ ಹಾಗೂ ನನಗೆ ಸಂಕಟ. ಕೊನೆಗೆ ನಾನು, ಗಿರಿಜಾ, ಕೆಂಪಮ್ಮ.

“ಕಾಮಾಲೆ ಅಲ್ಲ ಕಣಪ್ಪ” ಅಂದಳು.

“ಹಳದಿ ಹೋಗ್ತಿದೆ” ಅಂದೆ.

“ಓಯ್ತದೆ. ಏನ್ ತಿಂತಾ ಇದ್ದೀಯ?”

“ಸುಸ್ತಿನ ಮಾತ್ರೆ” ಅಂದೆ.

“ಯಾರ್ ಕೊಟ್ರು?”

“ನಾನೇ ಮಾರೋದು.”

“ಅಯ್ ಶಿವ್ನೇ, ಎಂಡ ಮಾರೋನೇ ಎಂಡ ಕುಡ್ದಂಗಾಯ್ತಲ್ಲ!” ಅಂತ ಕೆಂಪಮ್ಮ ಜೋರಾಗಿ ನಕ್ಕಳು. ಆಮೇಲೆ ನನ್ನ ಮುಖವನ್ನು ಮತ್ತೊಂದು ಸಲ ನೋಡಿ ನಗು ನಿಲ್ಲಿಸಿ, “ರಾತ್ರಿ ನಿದ್ದೆ ಬತ್ತದಾ ಮಗ?” ಅಂದಳು.

ನಾನು ಅತ್ತುಬಿಟ್ಟೆ. ಮದುವೆಯಾದ ಗಂಡಸು, ಪರ ಊರಿನಲ್ಲಿ, ಪರಿಚಯವಿಲ್ಲದ ಹೆಂಗಸಿನ ಅಂಗಳದಲ್ಲಿ, ಬಾಯಿಗೆ ಕರ್ಚೀಫು ಒತ್ತಿಕೊಂಡು ಅತ್ತೆ. “ಕಾಮಾಲೆ ಅಂತಲೇ ಹೇಳಿಬಿಡಿ ಅಮ್ಮ. ನಿಮಗೆ ಕೈ ಮುಗೀತೀನಿ. ಕಾಮಾಲೆ ಅಂದ್ರೆ ಎಲ್ಲರೂ ಬಿಡ್ತಾರೆ” ಅಂದೆ. ಗಿರಿಜಾ ಪಕ್ಕದಲ್ಲೇ ಇದ್ದಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

“ಇಲ್ದಿರೋ ಕಾಯ್ಲೆಗೆ ಔಸ್ದಿ ಕೊಡಕಾದದಾ? ನಮ್ ಅತ್ತೆ ಈ ಇದ್ಯೆ ಕಲ್ಸ್‌ಬೇಕಾದ್ರೆ ಅದೊಂದ್ ಬಾಸೆ ಈಸ್ಕಂಡವ್ರೆ” ಅಂದಳು ಕೆಂಪಮ್ಮ. “ಔಸ್ದಿ ಕೊಡಾಕಿಲ್ಲ. ಪತ್ಯ ಬೇಕಾದ್ರೆ ಯೋಳ್ತೀನಿ. ಪತ್ಯ ಯಾವ್ ಕಾಯ್ಲೆಗೂ ಆಯ್ತದೆ. ಇಪ್ಪತ್ತೊಂದ್ ದಿನ ಗಾಡಿ ಅತ್ತಂಗಿಲ್ಲ. ಚೀಲ ಮುಟ್ಟಂಗಿಲ್ಲ. ಪೋನ್ ಎತ್ತಂಗಿಲ್ಲ. ಆ ಮಾತ್ರೆಯ ಒಳೆ ನೀರ್ಗೆ ಬಿಸಾಕು. ಉಪ್ಪು ಬ್ಯಾಡ, ಎಣ್ಣೆ ಬ್ಯಾಡ, ಒಗ್ಗರಣೆ ಬ್ಯಾಡ.”

“ಉಪ್ಪು ಯಾಕೆ?” ಅಂದಳು ಗಿರಿಜಾ. ಅಷ್ಟು ಹೊತ್ತಿಗೆ ಅವಳ ಬಾಯಿಂದ ಬಂದ ಮೊದಲ ಮಾತು ಅದು.

“ಉಪ್ ಬುಟ್ರೇನೇ ಕಣವ್ವ ಜನ ಕಾಯ್ಲೆ ಅಂತ ನಂಬೋದು” ಅಂದಳು ಕೆಂಪಮ್ಮ. “ಅದು ಮುಗುದ್ ಮ್ಯಾಕೆ ದೊಡ್ ಡಾಕ್ಟ್ರತ್ರ ಕರ್ಕೊಂಡೋಗು. ಇದು ನನ್ ಸೊಪ್ಪಿಗೆ ಬಗ್ಗೋದಲ್ಲ.”

ವಾಪಸ್ಸು ಬರುವಾಗ ಬಸ್ಸಿನಲ್ಲಿ ಗಿರಿಜಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅರ್ಧ ದಾರಿ ಬಂದ ಮೇಲೆ, “ರಾತ್ರಿ ಎದ್ದು ಕೂತು ನನ್ನನ್ನೇ ನೋಡ್ತಿರ್ತೀರಲ್ಲ, ನನಗೆ ಎಷ್ಟೋ ಸಲ ಎಚ್ಚರ ಆಗಿದೆ. ಯಾವುದಕ್ಕೋ ನನ್ನ ಮೇಲೆ ಕೋಪ ಅಂದ್ಕೊಂಡಿದ್ದೆ. ಹೆದರ್ಕೊಂಡು ಕಣ್ಣು ಮುಚ್ಚಿಕೊಂಡೇ ಇರ್ತಿದ್ದೆ” ಅಂದಳು.

“ಕೋಪ ಅಲ್ಲ ಗಿರಿಜಾ, ಹೊಟ್ಟೆಕಿಚ್ಚು. ನಿನಗೆ ನಿದ್ದೆ ಬರುತ್ತಲ್ಲ ಅಂತ.”

ಅವಳು ನಕ್ಕಳು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮನೆಗೆ ಬಂದು ಅಮ್ಮನಿಗೆ, “ಇಪ್ಪತ್ತೊಂದು ದಿನ ಪಥ್ಯ ಹೇಳಿದಾರೆ ಅತ್ತೆ” ಅಂದಳು. ರುದ್ರಪಟ್ಟಣದ ಸಂಗೀತದ ಮನೆಯ ಹುಡುಗಿ, ಸುಳ್ಳು ಹೇಳಿ ಅಭ್ಯಾಸವಿಲ್ಲ. ಅವಳು ಆಡಿದ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅಮ್ಮನ ಕೈಯಲ್ಲಿ ಪಥ್ಯ ಅಂದರೆ ಹುಡುಗಾಟವಲ್ಲ. ಉಪ್ಪಿಲ್ಲದ ಮಜ್ಜಿಗೆ ಅನ್ನವನ್ನು ಎರಡು ಹೊತ್ತು ತಿಂದವರಿಗೇ ಅದರ ರುಚಿ ಗೊತ್ತು. ಫೋನು ಬಂದಾಗಲೆಲ್ಲ ಅಮ್ಮನೇ ಎತ್ತಿ, “ಅವನಿಗೆ ಕಾಮಾಲೆ, ಮಲಗಿದಾನೆ” ಅಂತ ಇಟ್ಟುಬಿಡುತ್ತಿದ್ದಳು. ಬೀದಿಯವರು ಬ್ರೆಡ್ಡು, ಮೋಸಂಬಿ ತಂದರು. ಪಕ್ಕದ ಮನೆಯ ಅರ್ಚಕರು ನನ್ನ ರೆಪ್ಪೆ ಎತ್ತಿ ನೋಡಿ, “ಇಳೀತಾ ಇದೆ, ಇಳೀತಾ ಇದೆ. ಮೊದಲಿಗಿಂತ ವಾಸಿ” ಅಂದರು. ನಾನು ಯಾವುದಕ್ಕೆ ಆಸೆಪಟ್ಟಿದ್ದೆನೋ ಅದೆಲ್ಲ ಒಂದೊಂದಾಗಿ ಮನೆ ಬಾಗಿಲಿಗೆ ಬಂತು. ಮೋಸಂಬಿ ಸುಲಿದು ತಟ್ಟೆಯಲ್ಲೇ ಇಟ್ಟುಬಿಡುತ್ತಿದ್ದೆ. ಇದು ನಾಗೇಂದ್ರನ ಹಣ್ಣು, ಆ ಜಗಲಿಯ ರೈತನ ಹಣ್ಣು, ನನ್ನದಲ್ಲ ಅನ್ನಿಸುತ್ತಿತ್ತು. ಆದರೂ ಒಂಬತ್ತನೆಯ ದಿನವೋ ಹತ್ತನೆಯ ದಿನವೋ ಮಧ್ಯಾಹ್ನ ಊಟವಾದ ಮೇಲೆ ನಿದ್ದೆ ಬಂತು. ಎಚ್ಚರವಾದಾಗ ದೀಪ ಹಚ್ಚಿದ್ದರು. ಯಾರೂ ಎಬ್ಬಿಸಿರಲಿಲ್ಲ.

ಮಾರನೆಯ ವಾರ ಪ್ರಭಾಕರ್ ಬಂದರು. ಅದೇ ಹಣ್ಣಿನ ಬುಟ್ಟಿ, ಅದೇ ಮಾಲ್ಟಿನ ಡಬ್ಬ, ಅದೇ ಕ್ಯಾಮೆರಾ. ಕ್ಯಾಮೆರಾವನ್ನು ಗಿರಿಜಾ ಕೈಗೆ ಕೊಟ್ಟು, ಚಾಪೆಯ ಮೇಲೆ ಕೂತು ನನ್ನ ಕೈ ಹಿಡಿದುಕೊಂಡರು. ಆ ಕೈಗಾಗಿ ನಾನು ಎಷ್ಟು ಹಂಬಲಿಸಿದ್ದೆ! ಬೆಚ್ಚಗಿತ್ತು. “ಮೂರ್ತಿ, ಸ್ವಲ್ಪ ಆ ಕಡೆ ನೋಡಿ. ಕಣ್ಣು ಕಾಣಲಿ” ಅಂದರು. ಗಿರಿಜಾ ಕ್ಯಾಮೆರಾ ಹಿಡಿದು ನಿಂತಿದ್ದಳು, ಒತ್ತಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

“ಪ್ರಭಾಕರ್, ನನಗೆ ಕಾಮಾಲೆ ಇಲ್ಲ” ಅಂದೆ.

“ಮತ್ತೆ?”

“ಹೆಸರು ಗೊತ್ತಿಲ್ಲ.” ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. “ನಿದ್ದೆ ಬರಲ್ಲ. ಬೈಕಿಂದ ಇಳಿಯೋಕಾಗಲ್ಲ. ಸೇತುವೆ ಮೇಲೆ ಅಳು ಬರುತ್ತೆ. ಕಷ್ಟ ಬಂದ್ರೆ ಮೊದಲನೇ ಫೋನು ನಿಮಗೆ ಮಾಡಿ ಅಂದಿದ್ರಿ. ಮಾಡೋಕೆ ಹೆದರಿಕೆ ಆಯ್ತು.”

ಪ್ರಭಾಕರ್ ನನ್ನ ಕೈ ಬಿಟ್ಟರು. ಕೆಟ್ಟ ಮನುಷ್ಯನೇನಲ್ಲ, ಅವರ ಮುಖದಲ್ಲೂ ಎಂಥದೋ ಸುಸ್ತಿತ್ತು ಅಂತ ಈಗ ಅನ್ನಿಸುತ್ತದೆ. “ಸುಸ್ತು ಎಲ್ಲರಿಗೂ ಇರುತ್ತೆ ಮೂರ್ತಿ. ನಾನೇನು ಮಲಗಿದೀನಾ? ಸೋಮವಾರದಿಂದ ಬನ್ನಿ” ಅಂದರು. ಕ್ಯಾಮೆರಾ ಈಸಿಕೊಂಡರು. ಹಣ್ಣಿನ ಬುಟ್ಟಿ ಬಿಟ್ಟರು. ಮಾಲ್ಟಿನ ಡಬ್ಬವನ್ನು ಮಾತ್ರ ಮತ್ತೆ ಕೈಚೀಲಕ್ಕೆ ಹಾಕಿಕೊಂಡು, “ಇದು ಕಾಯಿಲೆಯವರಿಗೆ ಅಂತ ಇಟ್ಟಿರೋದು” ಅಂದರು.

ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಈಗ ನನ್ನ ಗತಿ ಏನೋ ಅಂತ ಕಣ್ಣು ಮುಚ್ಚಿಕೊಂಡೆ. ಅಮ್ಮ ನನಗೇನೂ ಹೇಳಲಿಲ್ಲ. “ಯಾಕಪ್ಪ ಪ್ರಭಾಕರ, ಸುಸ್ತಾದೋರು ಹಾಲು ಕುಡೀಬಾರದೇನು?” ಅಂದಳು. ಜೀವಮಾನದಲ್ಲಿ ಅವಳು ಮೇಲಿನವರೊಬ್ಬರನ್ನು ಹೆಸರು ಹಿಡಿದು ಕರೆದದ್ದು ಅದೊಂದೇ ಸಲ. ಅವರು ಹೋದ ಮೇಲೆ ತಟ್ಟೆಗೆ ಮಜ್ಜಿಗೆ ಅನ್ನ ಹಾಕಿ, ಒಂದು ಚಿಟಿಕೆ ಉಪ್ಪು ಉದುರಿಸಿ, “ಉಪ್ಪು ತಿನ್ನು. ಮಿಕ್ಕಿದ ಪಥ್ಯ ಹಾಗೇ ಇರಲಿ” ಅಂದಳು. ಆ ಉಪ್ಪಿನ ರುಚಿಯನ್ನು ನಾನು ಸಾಯುವವರೆಗೆ ಮರೆಯಲಾರೆ.

ಪಥ್ಯ ಮುಗಿದ ಮೇಲೆ ಗಿರಿಜಾ ನನ್ನನ್ನು ಅರಕಲಗೂಡಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಪರದೆ ಸರಿಸಿದ ಕೂಡಲೇ ಎರಡೂ ಖಾಲಿ ಕೈ ತೋರಿಸಿ, “ಇವತ್ತು ಚೀಲ ಇಲ್ಲ ಡಾಕ್ಟ್ರೇ” ಅಂದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಕೊನೆಗೆ, “ಅವತ್ತು ಫೋಲ್ಡರ್ ತೋರಿಸ್ತಾ ಇದನ್ನೇ ಹೇಳ್ತಿದ್ರಾ?” ಅಂದರು. ಹೌದು ಅಂದೆ. ಅವರು ಕೆಳಗಿಟ್ಟ ಪೆನ್ನನ್ನು ಮತ್ತೆ ಎತ್ತಿಕೊಂಡರು. ಹಾಸನದ ಒಬ್ಬ ಮನೋವೈದ್ಯರಿಗೆ ಕಾಗದ ಬರೆದುಕೊಟ್ಟರು.

ಹಾಸನದಲ್ಲಿ ಆ ಮನೋವೈದ್ಯರ ಬೆಂಚಿನ ಮೇಲೆ ಕೂತಿದ್ದಾಗ ಗೋಡೆಗೆ ಒರಗಿದ್ದ ಬೇರೆ ಕಂಪನಿಯ ರೆಪ್ ಒಬ್ಬ ನನ್ನನ್ನು ನೋಡಿ, “ಏನ್ ಗುರು, ನಿಮ್ಮೋರೂ ಮಾನಸಿಕದ ಔಷಧಿ ಶುರು ಮಾಡಿದ್ರಾ?” ಅಂದ. “ಇಲ್ಲ, ನಾನು ಪೇಷಂಟು” ಅಂದೆ. ಅವನು ತಲೆ ತಗ್ಗಿಸಿದ. ಭೂಮಿಯೇನೂ ಬಾಯಿ ಬಿಡಲಿಲ್ಲ. ಆರೇಳು ತಿಂಗಳು ಮಾತ್ರೆ ತೆಗೆದುಕೊಂಡೆ, ಹದಿನೈದು ದಿನಕ್ಕೊಮ್ಮೆ ಹೋಗಿ ಮಾತಾಡಿದೆ. ಒಂದೇ ಸಲ ವಾಸಿಯಾಗಲಿಲ್ಲ. ನಾಲ್ಕು ದಿನ ಚೆನ್ನಾಗಿದ್ದರೆ ಐದನೆಯ ದಿನ ಮತ್ತೆ ಬೂಟಿನ ಲೇಸಿನ ಹತ್ತಿರ ಬಗ್ಗಿಕೊಂಡು ನಿಲ್ಲುತ್ತಿದ್ದೆ. ಕೆಲಸ ಬಿಟ್ಟೆ. ಓದಿದ್ದು ಡಿಪ್ಲೊಮಾ ಫಾರ್ಮಸಿ, ನಮ್ಮೂರಿನಲ್ಲೇ ಒಂದು ಮೆಡಿಕಲ್ ಸ್ಟೋರ್ ಹಾಕಿಕೊಂಡೆ. ಭಾನುವಾರ ಬಾಗಿಲು ತೆಗೆಯುವುದಿಲ್ಲ. ಅಂಗಡಿಯ ಮುಂದೆ ರೆಪ್ಪುಗಳಿಗೆ ಅಂತಲೇ ಒಂದು ಸ್ಟೂಲು ಹಾಕಿಸಿದ್ದೇನೆ.

ಎರಡು ವರ್ಷದ ಮೇಲೆ ಒಂದು ಮಂಗಳವಾರ ಆ ಸ್ಟೂಲಿನ ಮೇಲೆ ನಾಗೇಂದ್ರ ಬಂದು ಕೂತ. ಅಷ್ಟು ಹೊತ್ತಿಗೆ ನನ್ನ ಹಳೆಯ ಏರಿಯಾವನ್ನೂ ಅವನ ಹೆಗಲಿಗೇ ಹಾಕಿದ್ದರು. ಎರಡು ಚೀಲ. ಕಾಫಿ ತರಿಸಿದೆ. ಅವನು ಕುಡಿಯಲಿಲ್ಲ. ನನ್ನ ಅಂಗಡಿ, ನನ್ನ ಕುರ್ಚಿ, ಗೋಡೆಯ ಮೇಲೆ ಬರೆಸಿದ್ದ ‘ಭಾನುವಾರ ರಜಾ’ ಎಲ್ಲ ಒಂದೊಂದಾಗಿ ನೋಡಿದ.

“ನಿನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ ಕಣೋ ಮೂರ್ತಿ” ಅಂದ.

ನಾನು ನಗಲಿಲ್ಲ. ಆ ಉರಿಯ ವಿಳಾಸ ನನಗೆ ಗೊತ್ತಿತ್ತು. “ರಾತ್ರಿ ನಿದ್ದೆ ಬರುತ್ತಾ?” ಅಂತ ಕೇಳಿದೆ.

ಅವನು ಚೀಲಗಳನ್ನು ಕೆಳಗಿಟ್ಟ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರಸ್ತೆಯ ಕಡೆ ನೋಡುತ್ತಾ ಕೂತ. ಕಣ್ಣು ಬೆಳ್ಳಗಿತ್ತು, ಹಳದಿಯ ಸುಳಿವೂ ಇರಲಿಲ್ಲ. ಆಮೇಲೆ, “ನೀನು ಹೇಳಿದ್ಯಲ್ಲ, ದಂಡಿಗನಹಳ್ಳಿ ಕಡೆ ಆ ಅಮ್ಮ, ಭಾನುವಾರನಾ, ಗುರುವಾರನಾ?” ಅಂದ.

“ಭಾನುವಾರ ಹೋಗೋಣ. ಖಾಲಿ ಹೊಟ್ಟೇಲಿ ಬಾ. ನಾನೂ ಬರ್ತೀನಿ. ಅಲ್ಲಿಂದ ಮುಂದೆ ಎಲ್ಲಿಗೆ ಹೋಗಬೇಕು ಅನ್ನೋದೂ ನನಗೆ ಗೊತ್ತು” ಅಂದೆ.

ಅವನು ಹೂಂ ಅಂತ ತಲೆಯಾಡಿಸಿ ಕಣ್ಣು ಒರೆಸಿಕೊಂಡ. ಸುಳ್ಳು ಯಾಕೆ ಹೇಳಲಿ, ಆಗಲೂ ನನಗೆ ಅವನ ಮೇಲೆ ಒಂದು ಚೂರು ಹೊಟ್ಟೆಕಿಚ್ಚಾಯಿತು. ಅವನ ಜೊತೆಗೆ ಬಸ್ಸು ಹತ್ತಲು ದಾರಿ ಗೊತ್ತಿರುವ ಒಬ್ಬನಿದ್ದ.